ಮಡಿ ಕೋಣೆಯಲ್ಲಿ ಹುಟ್ಟಿದ ಕಂಪ್ಯೂಟರು

ಕುಡುಗೋಲು ಮಾಡೋ ಕಮ್ಮಾರನಿಗೆ ಯಾರೂ ನಕ್ಷೆ ಕೊಡುವುದಿಲ್ಲ. ಪಕ್ಕದೂರಿನ ಕುಲುಮೆಯಲ್ಲಿ ಬಡಿದ ಒಂದು ಕುಡುಗೋಲನ್ನು ಅವನ ಕೈಗಿತ್ತರೆ ಸಾಕು. ಎರಡು ಸಲ ತಿರುಗಿಸಿ ನೋಡುತ್ತಾನೆ, ಹೆಬ್ಬೆರಳಲ್ಲಿ ಅಲಗು ಸವರುತ್ತಾನೆ, ಸಂಜೆ ಹೊತ್ತಿಗೆ ಅಂಥದೇ ಇನ್ನೊಂದನ್ನು ಬಡಿದು ಮುಂದಿಡುತ್ತಾನೆ. ಇದನ್ನು ಕಳ್ಳತನ ಅಂತ ಯಾರೂ ಕರೆದದ್ದಿಲ್ಲ. ಕಸುಬು ಊರಿಂದೂರಿಗೆ ಹರಡಿದ್ದೇ ಹೀಗೆ. ಆದರೆ ಕಂಪ್ಯೂಟರು ಮಾಡುವವರ ಲೋಕದಲ್ಲಿ ಹೀಗೆ ತಿರುಗಿಸಿ ನೋಡುವುದಕ್ಕೇ ಬೇಲಿ ಹಾಕಿದ್ದಾರೆ. ಯಂತ್ರ ಕೊಂಡವನದು, ಅದರ ಒಳಗುಟ್ಟು ಮಾರಿದವನದು. ಈ ಬೇಲಿ ಯಾಕೆ ಬಂತು, ಯಾರು ಹಾಕಿದರು, ಯಾರು ಹಾರಿದರು ಅನ್ನೋ ಕಥೆ ನಮ್ಮ ಶಾಲೆಯ ಪುಸ್ತಕಗಳಲ್ಲಿ ಬರುವುದಿಲ್ಲ. ಅಲ್ಲಿ ಬರೋದು ಬರೀ ಮಹಾನ್ ಸಂಶೋಧಕರ ಫೋಟೋ.

ಕಂಪನಿಗಳನ್ನು ಕೇಳಿದರೆ ಒಂದು ಉತ್ತರ ಸಿದ್ಧ ಇರುತ್ತೆ: ನಾವು ವರ್ಷಗಟ್ಟಲೆ ನೂರಾರು ಇಂಜಿನಿಯರುಗಳಿಗೆ ಸಂಬಳ ಕೊಟ್ಟು ಯಂತ್ರ ಕಟ್ಟುತ್ತೇವೆ, ನಕಲಿ ಮಾಡುವವನು ಆರು ತಿಂಗಳಲ್ಲಿ ಅದನ್ನು ಬಿಚ್ಚಿ ನೋಡಿ ಅರ್ಧ ಬೆಲೆಗೆ ಮಾರುತ್ತಾನೆ, ನಮ್ಮ ಗತಿ ಏನು? ಈ ಮಾತಿನಲ್ಲಿ ಸುಳ್ಳಿಲ್ಲ. ಆದರೆ ಇದು ಅರ್ಧ ಮಾತು. ಉಳಿದರ್ಧ ಏನಂದರೆ, ಈ ದಂಧೆಯ ನಿಜವಾದ ಲಾಭ ಡಬ್ಬಿಯಲ್ಲಿಲ್ಲ, ಡಬ್ಬಿಗೆ ಗಿರಾಕಿ ಕಟ್ಟಿಬೀಳುವುದರಲ್ಲಿದೆ. ಒಂದು ಸಲ ಒಬ್ಬರ ಯಂತ್ರ ತಂದು ಲೆಕ್ಕಪತ್ರ ಎಲ್ಲಾ ಅದಕ್ಕೆ ಒಗ್ಗಿಸಿದ ಮೇಲೆ ಬಿಡಿಭಾಗ, ರಿಪೇರಿ, ಮುಂದಿನ ಯಂತ್ರ ಎಲ್ಲಕ್ಕೂ ಅದೇ ಬಾಗಿಲು ತಟ್ಟಬೇಕು. ತದ್ರೂಪಿ ಬಂತು ಅಂದರೆ ಪಕ್ಕದಲ್ಲಿ ಇನ್ನೊಂದು ಬಾಗಿಲು ತೆರೆಯಿತು ಅಂತಲೇ ಅರ್ಥ. ಒಡೆಯರಿಗೆ ಹೆದರಿಕೆ ಇರೋದು ಆ ಎರಡನೇ ಬಾಗಿಲಿನದು.

ಇದನ್ನು ಎಲ್ಲರಿಗಿಂತ ಮೊದಲು ಅರಿತದ್ದು ಐಬಿಎಂ. ಆ ಕಂಪನಿ ಬಹಳ ಕಾಲ ಯಂತ್ರಗಳನ್ನು ಮಾರುತ್ತಲೇ ಇರಲಿಲ್ಲ, ಬಾಡಿಗೆಗೆ ಕೊಡುತ್ತಿತ್ತು. ಯಂತ್ರ ನಿಮ್ಮ ಆಫೀಸಿನಲ್ಲಿ, ಯಜಮಾನಿಕೆ ಅವರದು. ಅಮೆರಿಕ ಸರ್ಕಾರದ ಜೊತೆಗಿನ ಮೊಕದ್ದಮೆಯೊಂದು 1956ರಲ್ಲಿ ರಾಜಿಯಾದಾಗಲೇ ಬಾಡಿಗೆಯ ಜೊತೆ ಮಾರಾಟಕ್ಕೂ ಅವರು ಒಪ್ಪಬೇಕಾಯಿತು. 1960ರ ದಶಕದ ಕೊನೆಗೆ ಹೊರಗಿನ ಸಣ್ಣ ಕಂಪನಿಗಳು ಐಬಿಎಂ ಯಂತ್ರಕ್ಕೆ ಹೊಂದುವ ಡಿಸ್ಕು, ಟೇಪು ಯಂತ್ರಗಳನ್ನು ಕಡಿಮೆ ಬೆಲೆಗೆ ಮಾಡತೊಡಗಿದವು. ಆಗ ಐಬಿಎಂ ಏನು ಮಾಡಿತು? ಹೊರಗೆ ಇದ್ದ ನಿಯಂತ್ರಕವನ್ನು ಮುಖ್ಯ ಯಂತ್ರದ ಹೊಟ್ಟೆಯೊಳಗೇ ಸೇರಿಸಿತು, ಜೋಡಿಸುವ ಜಾಗವನ್ನೇ ಬದಲಿಸಿತು. ಹೊರಗಿನವನ ಪ್ಲಗ್ಗು ನಿನ್ನೆ ಕೂರುತ್ತಿತ್ತು, ಇವತ್ತು ಕೂರಲಿಲ್ಲ. ಜೀನ್ ಅಮ್ಡಾಲ್ ಎಂಬಾತ ಐಬಿಎಂನ ದೊಡ್ಡ ಯಂತ್ರಗಳ ಶಿಲ್ಪಿಗಳಲ್ಲಿ ಒಬ್ಬ. 1970ರಲ್ಲಿ ಕಂಪನಿ ಬಿಟ್ಟು ಹೊರಬಂದ, 1975ರಲ್ಲಿ ಐಬಿಎಂನ ತಂತ್ರಾಂಶವನ್ನೇ ಓಡಿಸಬಲ್ಲ ತನ್ನ ಯಂತ್ರವನ್ನು ಮಾರುಕಟ್ಟೆಗೆ ತಂದ. ಅವನ ಗಿರಾಕಿಗಳ ಕಿವಿಯಲ್ಲಿ ಐಬಿಎಂನವರು ಭಯ, ಅನಿಶ್ಚಯ, ಅನುಮಾನಗಳನ್ನು ಊದುತ್ತಿದ್ದರು ಅಂತ ಆತನೇ ಆಮೇಲೆ ಹೇಳಿದ. ‘ಬೇರೆಯವರ ಯಂತ್ರ ಕೊಂಡರೆ ನಾಳೆ ಕೈಕೊಟ್ಟೀತು ನೋಡಿ’ ಅನ್ನೋ ಈ ಮಾತು ನಮ್ಮ ಗೊಬ್ಬರದಂಗಡಿಯಲ್ಲೂ ಕೇಳಿಸುತ್ತೆ.

ನಮ್ಮ ದೇಶಕ್ಕೂ ಆ ಬಾಡಿಗೆಯ ಬಿಸಿ ತಟ್ಟಿತ್ತು. ಹೊರದೇಶಗಳಲ್ಲಿ ಬಳಸಿ ಬಿಟ್ಟ 1401 ಎಂಬ ಹಳೇ ಯಂತ್ರಗಳನ್ನು ತಂದು, ತೊಳೆದು ಬಳಿದು, ಇಲ್ಲಿನ ಸರ್ಕಾರಿ ಇಲಾಖೆಗಳಿಗೂ ಕಂಪನಿಗಳಿಗೂ ಐಬಿಎಂ ಬಾಡಿಗೆಗೆ ಕೊಟ್ಟಿತ್ತು. ಪಾರ್ಲಿಮೆಂಟಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿ ಅದನ್ನು ಟೀಕಿಸಿತು. ವಿದೇಶಿ ವಿನಿಮಯದ 1973ರ ಕಾಯಿದೆಯಂತೆ ವಿದೇಶಿ ಪಾಲನ್ನು ಶೇಕಡಾ 40ಕ್ಕೆ ಇಳಿಸಿ ಅಂದಾಗ ಐಬಿಎಂ ಒಪ್ಪಲಿಲ್ಲ. ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್ ಕೈಗಾರಿಕಾ ಮಂತ್ರಿಯಾಗಿದ್ದ ಕಾಲದಲ್ಲಿ, 1978ರಲ್ಲಿ, ಅದು ಗಂಟುಮೂಟೆ ಕಟ್ಟಿತು. ಅದು ಬಿಟ್ಟುಹೋದ ಯಂತ್ರಗಳನ್ನು ನೋಡಿಕೊಳ್ಳುವ ಕೆಲಸ ಸರ್ಕಾರದ್ದೇ ಆದ ಸಿಎಂಸಿ ಎಂಬ ಕಂಪನಿಯ ಪಾಲಿಗೆ ಬಂತು.

ಇಂಥ ಐಬಿಎಂ, ಮೂರೇ ವರ್ಷದ ಮೇಲೆ ತನ್ನ ಜನ್ಮದಲ್ಲಿ ಮಾಡದ ಒಂದು ಕೆಲಸ ಮಾಡಿತು. ಆಪಲ್‌ನಂಥ ಹುಡುಗರ ಕಂಪನಿಗಳು ಮೇಜಿನ ಮೇಲಿಡುವ ಸಣ್ಣ ಕಂಪ್ಯೂಟರು ಮಾರಿ ಹಣ ಮಾಡುತ್ತಿದ್ದವು. ಬೇಗ ಆ ಸಂತೆಗೆ ಇಳಿಯಬೇಕಿತ್ತು. ಎಲ್ಲವನ್ನೂ ತಾವೇ ಮಾಡುತ್ತಾ ಕೂತರೆ ವರ್ಷಗಳು ಬೇಕು. ಅದಕ್ಕೇ ಫ್ಲಾರಿಡಾದ ಬೋಕಾ ರೇಟನ್ನಿನ ಒಂದು ಸಣ್ಣ ತಂಡಕ್ಕೆ ಒಂದು ವರ್ಷದ ಗಡುವು ಕೊಟ್ಟು, ಹೊರಗಿನ ಸಾಮಾನು ತಂದು ಜೋಡಿಸಿ ಅಂದರು. ಮಿದುಳಿನ ಚಿಪ್ಪು ಇಂಟೆಲ್‌ನ 8088, ಫ್ಲಾಪಿ ಡ್ರೈವು ಟ್ಯಾಂಡನ್ ಕಂಪನಿಯದು, ಪ್ರಿಂಟರು ಎಪ್ಸನ್‌ನದು, ಕಾರ್ಯಾಚರಣೆಯ ತಂತ್ರಾಂಶ ಮೈಕ್ರೋಸಾಫ್ಟ್‌ನದು. ಆ ಮೈಕ್ರೋಸಾಫ್ಟ್ ಕೂಡ ಅದನ್ನು ಸಿಯಾಟಲ್ಲಿನ ಇನ್ನೊಂದು ಸಣ್ಣ ಕಂಪನಿಯಿಂದ ಕೊಂಡುತಂದದ್ದು. ಐಬಿಎಂ ಪಿಸಿ ಲೋಕಕ್ಕೆ ಬಂದದ್ದು 1981ರ ಆಗಸ್ಟ್ 12ರಂದು. ಬರೀ ಮೂಲ ಡಬ್ಬಿಯ ಬೆಲೆ 1,565 ಡಾಲರ್.

ಅದರ ಜೊತೆ ಒಂದು ಪುಸ್ತಕವನ್ನೂ ಅವರು ಮಾರಿದರು. ಅದರಲ್ಲಿ ಯಂತ್ರದ ಸರ್ಕ್ಯೂಟು ನಕ್ಷೆಗಳೆಲ್ಲ ಇದ್ದವು. ಯಾರು ಬೇಕಾದರೂ ಈ ಯಂತ್ರಕ್ಕೆ ಕಾರ್ಡು ಮಾಡಿ ಮಾರಲಿ, ಆಗ ನಮ್ಮ ಯಂತ್ರವೇ ಹೆಚ್ಚು ಖರ್ಚಾಗುತ್ತೆ ಅನ್ನೋ ಲೆಕ್ಕ. ಲೆಕ್ಕ ಸರಿಯಾಗಿತ್ತು. ಆದರೆ ಹೊರಗಿನ ಚಿಪ್ಪು ಯಾರಿಗಾದರೂ ಸಿಗುತ್ತೆ, ಮೈಕ್ರೋಸಾಫ್ಟ್ ತನ್ನ ತಂತ್ರಾಂಶವನ್ನು ಬೇರೆಯವರಿಗೂ ಮಾರುವ ಹಕ್ಕು ಉಳಿಸಿಕೊಂಡಿತ್ತು, ನಕ್ಷೆ ಪುಸ್ತಕದಲ್ಲೇ ಇದೆ. ಹಾಗಾದರೆ ಐಬಿಎಂ ಅಂತ ಹೇಳಿಕೊಳ್ಳೋಕೆ ಆ ಯಂತ್ರದಲ್ಲಿ ಉಳಿದದ್ದೇನು? ಬಯಾಸ್ ಎಂಬ ಎಂಟು ಕಿಲೋಬೈಟಿನ ಒಂದು ತುಣುಕು. ಸ್ವಿಚ್ಚು ಒತ್ತಿದ ಕೂಡಲೇ ಯಂತ್ರವನ್ನು ಎಬ್ಬಿಸುವುದು, ಕೀಲಿಮಣೆ, ಪರದೆ, ಡಿಸ್ಕುಗಳ ಜೊತೆ ಮಾತಾಡುವುದು ಇದರ ಕೆಲಸ. ಚಿಪ್ಪಿನೊಳಗೆ ಅಚ್ಚೊತ್ತಿ ಕೂರಿಸಿದ್ದರು. ಮನೆ ಪೂರ್ತಿ ಬಟಾಬಯಲು, ಬೀಗ ಮಾತ್ರ ಇದೊಂದೇ.

ತಮಾಷೆ ಅಂದರೆ ಈ ಬೀಗದ ಒಳಗಿನ ಹಲ್ಲುಗಳನ್ನೂ, ಅಂದರೆ ಬಯಾಸಿನ ಪೂರ್ತಿ ಬರಹವನ್ನೂ, ಆ ಪುಸ್ತಕದಲ್ಲೇ ಅಚ್ಚು ಹಾಕಿದ್ದರು. ಮೇಲೊಂದು ಕೃತಿಸ್ವಾಮ್ಯದ ಮುದ್ರೆ. ಎಂಥ ಔದಾರ್ಯ ಅನ್ನಿಸುತ್ತೆ. ಒಂದು ನಿಮಿಷ ನಿಂತು ಯೋಚಿಸಿ. ಅಚ್ಚಾದದ್ದನ್ನು ಯಾರು ಬೇಕಾದರೂ ಓದಬಹುದು. ಆದರೆ ಓದಿದವನು ನಾಳೆ ತನ್ನದೇ ಬಯಾಸ್ ಬರೆದರೆ, ‘ನೀನು ನಮ್ಮದನ್ನು ಓದಿದ್ದೀಯ, ಇದು ನಕಲು’ ಅಂತ ಕೋರ್ಟಿಗೆ ಎಳೆಯಬಹುದು. ಪುಸ್ತಕ ತೆರೆದಿಟ್ಟದ್ದೇ ಬೇಲಿಯಾಯಿತು. ಓದಿದವನಿಗೆ ಮೈಲಿಗೆ!

ಇದು ಬರೀ ಬೆದರಿಕೆ ಆಗಿರಲಿಲ್ಲ. ಆಪಲ್ ಕಂಪನಿಯ ಆಪಲ್ ಟೂ ಯಂತ್ರಕ್ಕೆ ಫ್ರಾಂಕ್ಲಿನ್ ಎಂಬ ಕಂಪನಿ 1982ರಲ್ಲಿ ತದ್ರೂಪಿ ಮಾಡಿತ್ತು. ಅವರ ಕೆಲಸ ಎಷ್ಟು ಒರಟಾಗಿತ್ತು ಅಂದರೆ ಆಪಲ್‌ನ ಕಾರ್ಯಕ್ರಮಗಳನ್ನು ಇದ್ದಂತೇ ಎತ್ತಿಕೊಂಡಿದ್ದರು; ಒಳಗೆ ಆಪಲ್‌ನ ಒಬ್ಬ ಪ್ರೋಗ್ರಾಮರನ ಹೆಸರೂ, ಆಪಲ್‌ಸಾಫ್ಟ್ ಎಂಬ ಹೆಸರೂ ಹಾಗೇ ಕೂತಿದ್ದವು. ಪರೀಕ್ಷೆಯಲ್ಲಿ ಪಕ್ಕದವನ ಹೆಸರನ್ನೂ ಸೇರಿಸಿ ನಕಲು ಹೊಡೆದ ಹುಡುಗನ ಥರ. ಫ್ರಾಂಕ್ಲಿನ್‌ನ ವಾದ ಮಾತ್ರ ಒರಟಾಗಿರಲಿಲ್ಲ. ಚಿಪ್ಪಿನಲ್ಲಿರುವ ಸೊನ್ನೆ ಒಂದುಗಳು ಮನುಷ್ಯ ಓದುವ ಬರಹವಲ್ಲ, ಅದು ಯಂತ್ರದ ಒಂದು ಭಾಗ, ಯಂತ್ರದ ಭಾಗಕ್ಕೆ ಕೃತಿಸ್ವಾಮ್ಯ ಎಲ್ಲಿಂದ ಬಂತು ಅಂತ ಅವರು ಕೇಳಿದರು. ಕೆಳಗಿನ ಕೋರ್ಟು ಆಪಲ್ ಕೇಳಿದ ತಡೆಯಾಜ್ಞೆ ಕೊಡಲಿಲ್ಲ. ಮೇಲಿನ ಕೋರ್ಟು 1983ರ ಆಗಸ್ಟಿನಲ್ಲಿ ಅದನ್ನು ತಿರುಗಿಸಿತು: ಚಿಪ್ಪಿನೊಳಗೆ ಕೂತ ಕಾರ್ಯಕ್ರಮವೂ ಕೃತಿಯೇ, ಅದನ್ನು ಎತ್ತುವ ಹಾಗಿಲ್ಲ. 1984ರ ಆರಂಭದಲ್ಲಿ ಫ್ರಾಂಕ್ಲಿನ್ 25 ಲಕ್ಷ ಡಾಲರ್ ತೆತ್ತು ರಾಜಿಯಾಯಿತು. ಈ ಪ್ರಕರಣದ ಬಿಸಿಯಲ್ಲೇ ಆಪಲ್‌ನವರು ತಮ್ಮ ಮುಂದಿನ ಮ್ಯಾಕಿಂತೋಷ್ ಯಂತ್ರದ ಚಿಪ್ಪಿನಲ್ಲಿ ‘ಆಪಲ್‌ನಿಂದ ಕದ್ದದ್ದು’ ಅನ್ನೋ ಒಂದು ಚಿತ್ರವನ್ನು ಬಚ್ಚಿಟ್ಟಿದ್ದರು. ನಾಳೆ ಯಾರಾದರೂ ಕದ್ದು ತಂದರೆ ಕೋರ್ಟಿನಲ್ಲೇ ಕಳ್ಳನ ಯಂತ್ರದ ಕೈಲೇ ತಪ್ಪೊಪ್ಪಿಗೆ ಹೇಳಿಸಬೇಕು ಅಂತ.

ಆ ತೀರ್ಪಿನಲ್ಲಿ ಒಂದು ಸಂದು ಉಳಿದಿತ್ತು. ಬರಹಕ್ಕೆ ಸ್ವಾಮ್ಯ ಇದೆ, ಬರಹ ಮಾಡುವ ಕೆಲಸಕ್ಕೆ ಇಲ್ಲ. ಅದೇ ಕೆಲಸವನ್ನು ಮಾಡುವ ಬೇರೆ ಬರಹವನ್ನು ನೀನೇ ಸ್ವಂತವಾಗಿ ಬರೆದರೆ ಅದು ನಿನ್ನದು. ಈ ಸಂದಿನೊಳಗೆ ತೀರ್ಪಿಗೂ ಮುಂಚೆಯೇ ನುಗ್ಗಿದವರಿದ್ದರು. ಕೊಲಂಬಿಯಾ ಡೇಟಾ ಪ್ರಾಡಕ್ಟ್ಸ್ ಎಂಬ ಕಂಪನಿ 1982ರಲ್ಲೇ ಐಬಿಎಂ ಪಿಸಿಯ ತದ್ರೂಪಿ ತಂದಿತ್ತು. ಆದರೆ ಹೆಸರು ಮಾಡಿದ್ದು ಕಾಂಪ್ಯಾಕ್. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ ಬಿಟ್ಟುಬಂದ ರಾಡ್ ಕ್ಯಾನಿಯನ್, ಜಿಮ್ ಹ್ಯಾರಿಸ್, ಬಿಲ್ ಮರ್ಟೋ ಎಂಬ ಮೂವರು 1982ರಲ್ಲಿ ಹ್ಯೂಸ್ಟನ್ನಿನಲ್ಲಿ ಕಟ್ಟಿದ್ದು. ತಮ್ಮ ಯಂತ್ರದ ಮೊದಲ ಚಿತ್ರವನ್ನು ಹೋಟೆಲೊಂದರ ತಟ್ಟೆಯಡಿಯ ಕಾಗದದ ಮೇಲೆ ಗೀಚಿದ್ದರಂತೆ.

ಅವರು ಬೀಗ ಬಿಚ್ಚಿದ ಬಗೆ ಕೇಳಿ. ಇಂಜಿನಿಯರುಗಳ ಎರಡು ಗುಂಪು. ಮೊದಲ ಗುಂಪು ಐಬಿಎಂನ ಬರಹ ಓದುತ್ತದೆ. ಇಂಥ ಕರೆ ಬಂದರೆ ಇಂಥ ಉತ್ತರ ಹೋಗುತ್ತದೆ ಅಂತ, ಏನು ಮಾಡುತ್ತದೆ ಅನ್ನುವುದನ್ನಷ್ಟೇ ಬರೆದಿಡುತ್ತದೆ, ಹೇಗೆ ಅನ್ನುವುದನ್ನು ಬರೆಯುವಂತಿಲ್ಲ. ಎರಡನೇ ಗುಂಪಿನವರು ಐಬಿಎಂನ ಆ ಬರಹವನ್ನು ಕಣ್ಣಲ್ಲೂ ನೋಡಿದವರಲ್ಲ. ಅವರು ಆ ಪಟ್ಟಿ ಇಟ್ಟುಕೊಂಡು ಹೊಸದಾಗಿ ಬರೆಯಬೇಕು. ಓದಿದವನು ಬರೆಯೋ ಹಾಗಿಲ್ಲ, ಬರೆಯೋನು ಓದೋ ಹಾಗಿಲ್ಲ. ಇಬ್ಬರ ನಡುವೆ ವಕೀಲರ ಕಾವಲು. ಇಂಗ್ಲಿಷಿನಲ್ಲಿ ಇದಕ್ಕೆ ಕ್ಲೀನ್ ರೂಮ್ ಅಂತಾರೆ. ನಮ್ಮ ಮಾತಿಗೆ ತಂದರೆ ಮಡಿ ಕೋಣೆ ಅಂತಲೇ ಅನ್ನಬೇಕು. ಕಣ್ಣಿಂದಲೇ ಅಂಟುವ ಮೈಲಿಗೆ, ಅದನ್ನು ಕಾಯೋಕೆ ಗೋಡೆ! ನಮ್ಮ ಓದುಗರಿಗೆ ಇದನ್ನು ಇದಕ್ಕಿಂತ ಬಿಡಿಸಿ ಹೇಳಬೇಕಾಗಿಲ್ಲ. ವ್ಯತ್ಯಾಸ ಒಂದೇ: ಅಲ್ಲಿ ಮಡಿ ಕಾಪಾಡಿದ್ದು ಒಳಗಿದ್ದವರ ಆಸ್ತಿಯನ್ನಲ್ಲ, ಹೊರಗಿನವರು ಒಳಗೆ ಬರುವ ದಾರಿಯನ್ನು.

ಕಾಂಪ್ಯಾಕ್‌ನವರಿಗೆ ಈ ಕೆಲಸಕ್ಕೆ ಹತ್ತು ಲಕ್ಷ ಡಾಲರ್ ಖರ್ಚಾಯಿತಂತೆ. 1982ರ ನವೆಂಬರಿನಲ್ಲಿ ಯಂತ್ರ ಪ್ರಕಟವಾಯಿತು, ಮರುವರ್ಷ ಅಂಗಡಿಗೆ ಬಂತು. ಹೊತ್ತೊಯ್ಯುವ ಕಂಪ್ಯೂಟರು ಅಂತ ಹೆಸರು, ತೂಕ ಮಾತ್ರ ಸುಮಾರು ಹದಿಮೂರು ಕಿಲೋ. ಐಬಿಎಂನ ತಂತ್ರಾಂಶ ಎಲ್ಲಾ ಅದರಲ್ಲಿ ಓಡುತ್ತಿತ್ತು. ಮೊದಲ ವರ್ಷವೇ 53,000 ಯಂತ್ರ, 11 ಕೋಟಿ ಡಾಲರಿಗೂ ಮೀರಿದ ವ್ಯಾಪಾರ. ಈಗಲ್, ಕರೋನಾ ಎಂಬ ಬೇರೆ ಎರಡು ಕಂಪನಿಗಳ ಮೇಲೆ ಐಬಿಎಂ ದಾವೆ ಹೂಡಿತು, ಅವರು ತಮ್ಮ ಬಯಾಸ್ ಬದಲಿಸುತ್ತೇವೆ ಅಂತ ಒಪ್ಪಿಕೊಂಡರು. ಮಡಿಯಲ್ಲಿ ಮಾಡಿದ ಕಾಂಪ್ಯಾಕಿನ ಬಯಾಸಿಗೆ ಆ ಗತಿ ಬರಲಿಲ್ಲ.

ಇಷ್ಟಾದರೂ ಇದು ಹಣವುಳ್ಳ ಒಬ್ಬ ಕಂಪನಿಯ ಕಥೆ. ಬೇಲಿ ನಿಜವಾಗಿ ಕಿತ್ತುಬಿದ್ದದ್ದು 1984ರಲ್ಲಿ, ಫೀನಿಕ್ಸ್ ಎಂಬ ಕಂಪನಿಯಿಂದ. ಅವರೂ ಮಡಿ ಕೋಣೆಯಲ್ಲೇ ಬಯಾಸ್ ಬರೆಸಿದರು. ಬರೆದ ಪ್ರೋಗ್ರಾಮರು ಅಲ್ಲಿಯವರೆಗೆ ಇಂಟೆಲ್‌ನ 8088 ಚಿಪ್ಪನ್ನೇ ಮುಟ್ಟಿರಲಿಲ್ಲ, ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಬೇರೊಂದು ಚಿಪ್ಪಿನ ಮೇಲೆ ಪಳಗಿದವರು. ಗೊತ್ತಿಲ್ಲದಿರುವುದೇ ಅರ್ಹತೆಯಾದ ಕೆಲಸ ಲೋಕದಲ್ಲಿ ಇನ್ನೊಂದು ಇರಲಿಕ್ಕಿಲ್ಲ, ಮಂತ್ರಿಗಿರಿಯೊಂದನ್ನು ಬಿಟ್ಟರೆ. ಈ ಬಯಾಸನ್ನು ಫೀನಿಕ್ಸ್ ಯಾರು ದುಡ್ಡು ಕೊಟ್ಟರೆ ಅವರಿಗೆ ಮಾರತೊಡಗಿತು. ಅಲ್ಲಿಗೆ ತೈವಾನಿನ ಸಣ್ಣ ಕಾರ್ಖಾನೆಯಿಂದ ಹಿಡಿದು ನಮ್ಮ ದೇಶದ ಕಂಪನಿಗಳವರೆಗೆ, ಯಾರು ಬೇಕಾದರೂ ಚಿಪ್ಪು ತಂದು ಜೋಡಿಸಿ ಐಬಿಎಂ ಹೊಂದಿಕೆಯ ಪಿಸಿ ಮಾಡಬಹುದಾಯಿತು. ಅದೇ ವರ್ಷದ ನವೆಂಬರಿನಲ್ಲಿ ನಮ್ಮ ಸರ್ಕಾರವೂ ಕಂಪ್ಯೂಟರ್ ನೀತಿಯನ್ನು ಸಡಿಲಿಸಿತು. ಬೆಂಗಳೂರಿನ ಎಸ್.ಪಿ. ರಸ್ತೆಯ ಕಿರುಗಲ್ಲಿಗಳಲ್ಲಿ ‘ಅಸೆಂಬಲ್ಡ್ ಸೆಟ್ಟು’ ಜೋಡಿಸಿಕೊಡುವ ಹುಡುಗರಿಗೆ ಫೀನಿಕ್ಸಿನ ಹೆಸರು ಗೊತ್ತಿರದಿದ್ದರೂ ಅವರ ಕೈಕಸುಬಿನ ಮೂಲ ಅಲ್ಲಿದೆ. ಹತ್ತನೇ ಕ್ಲಾಸು ಓದಿದವನು ಸ್ಕ್ರೂಡ್ರೈವರು ಹಿಡಿದು ಕಂಪ್ಯೂಟರು ಕಟ್ಟುವ ಹಾಗಾದದ್ದು ಸಣ್ಣ ಸಂಗತಿಯಲ್ಲ.

ತೆರೆದ ಯಂತ್ರದಿಂದ ನಮಗೆ ಬಂದ ಇನ್ನೊಂದು ಉಪಕಾರವನ್ನು ಇಲ್ಲೇ ಹೇಳಿಬಿಡಬೇಕು. ಪಿಸಿಯೊಳಗೆ ಹೊರಗಿನವರು ಕಾರ್ಡು ಸಿಕ್ಕಿಸಲು ಖಾಲಿ ಗೂಡುಗಳಿದ್ದವಲ್ಲ, ಆ ಗೂಡಿಗೆ ಕೂರುವಂಥ ಜಿಸ್ಟ್ ಎಂಬ ಕಾರ್ಡು ಬಂತು. ಕಾನ್ಪುರದ ಐಐಟಿಯಲ್ಲಿ 1980ರ ದಶಕದಲ್ಲಿ ಮೊಳೆತು, ಆಮೇಲೆ ಪುಣೆಯ ಸಿಡ್ಯಾಕ್‌ನಲ್ಲಿ ಬೆಳೆದದ್ದು. ಇಂಗ್ಲಿಷೊಂದನ್ನೇ ಬಲ್ಲ ಯಂತ್ರದ ಪರದೆಯ ಮೇಲೆ ಅದು ಕನ್ನಡವನ್ನೂ ದೇಶದ ಬೇರೆ ಲಿಪಿಗಳನ್ನೂ ಮೂಡಿಸಿತು. ಐಬಿಎಂನವರ ಅಪ್ಪಣೆ ಕೇಳಬೇಕಾಗಿರಲಿಲ್ಲ. ಗೂಡಿನ ನಕ್ಷೆ ಲೋಕಕ್ಕೇ ಗೊತ್ತಿತ್ತು. ಅದೇ 1984ರಲ್ಲಿ ಬಂದ ಮ್ಯಾಕಿಂತೋಷಿನಲ್ಲಿ ಇಂಥ ಗೂಡೇ ಇರಲಿಲ್ಲ, ಪೆಟ್ಟಿಗೆ ಬಿಚ್ಚಬೇಕೆಂದರೂ ಉದ್ದನೆಯ ವಿಶೇಷ ಸ್ಕ್ರೂಡ್ರೈವರು ಬೇಕಾಗಿತ್ತು.

ಐಬಿಎಂ ಸುಮ್ಮನಿರಲಿಲ್ಲ. 1987ರ ಏಪ್ರಿಲ್ 2ರಂದು ಪಿಎಸ್ ಟೂ ಎಂಬ ಹೊಸ ಸಾಲಿನ ಯಂತ್ರಗಳನ್ನು ಇಳಿಸಿತು. ದೊಡ್ಡ ಮಾದರಿಗಳಲ್ಲಿ ಆ ಗೂಡುಗಳನ್ನೇ ಬದಲಿಸಿ ಮೈಕ್ರೋ ಚಾನೆಲ್ ಎಂಬ ಹೊಸ ವಿನ್ಯಾಸ ಹಾಕಿತು. ತಾಂತ್ರಿಕವಾಗಿ ಅದು ಒಳ್ಳೆಯ ವಿನ್ಯಾಸವೇ, ಅದನ್ನು ಒಪ್ಪಬೇಕು. ಆದರೆ ಈ ಸಲ ಕೃತಿಸ್ವಾಮ್ಯದ ಜಾಳು ಬೇಲಿಯಲ್ಲ, ಪೇಟೆಂಟಿನ ಮುಳ್ಳುತಂತಿ. ಪೇಟೆಂಟಿಗೆ ಮಡಿ ಕೋಣೆಯ ಮದ್ದು ನಾಟುವುದಿಲ್ಲ. ನೀನು ನೋಡದೆ ಸ್ವಂತ ಬುದ್ಧಿಯಿಂದಲೇ ಕಂಡುಹಿಡಿದರೂ ಅದು ಮೊದಲಿನವನದೇ. ಬಳಸಬೇಕಾದರೆ ಮಾರಾಟದ ಶೇಕಡಾ ಐದರವರೆಗೆ ಕಪ್ಪ ಕೊಡಿ, ಈವರೆಗೆ ಮಾರಿದ ಹಳೆಯ ತದ್ರೂಪಿಗಳಿಗೂ ಬಾಕಿ ಕಟ್ಟಿ ಅಂತ ಐಬಿಎಂ ಹೊರಟಿತು. ನಿನ್ನೆಯವರೆಗೆ ಗಿರಾಕಿ ಕೊಂಡಿದ್ದ ಹಳೇ ಕಾರ್ಡುಗಳು ಹೊಸ ಗೂಡಿಗೆ ಕೂರುತ್ತಲೂ ಇರಲಿಲ್ಲ. ಡಿಸ್ಕಿನ ಪ್ಲಗ್ಗಿನ ಹಳೇ ಹುನ್ನಾರವೇ ಇದು.

ಈ ಸಲ ಮಾತ್ರ ಕಾಲ ಬದಲಾಗಿತ್ತು. 1988ರ ಸೆಪ್ಟೆಂಬರಿನಲ್ಲಿ ಕಾಂಪ್ಯಾಕ್ ಮುಂದಾಳಾಗಿ ಒಂಬತ್ತು ಕಂಪನಿಗಳು ಒಟ್ಟು ಸೇರಿ ತಮ್ಮದೇ ಇನ್ನೊಂದು ಗೂಡಿನ ವಿನ್ಯಾಸ ಸಾರಿದವು. ಅದಕ್ಕೆ ಹಳೇ ಕಾರ್ಡೂ ಕೂರುತ್ತಿತ್ತು, ಹೊಸದೂ ಕೂರುತ್ತಿತ್ತು. ಪತ್ರಿಕೆಗಳು ಅವರನ್ನು ಒಂಬತ್ತರ ಗುಂಪು ಅಂತ ಕರೆದವು. ಗಿರಾಕಿಗಳು ಐಬಿಎಂನ ಹಿಂದೆ ಹೋಗಲಿಲ್ಲ. ಪಿಸಿ ಹುಟ್ಟಿಸಿದ ಕಂಪನಿ ಪಿಸಿಯ ಯಜಮಾನಿಕೆ ಕಳೆದುಕೊಂಡು, ಕೊನೆಗೆ 2005ರಲ್ಲಿ ಆ ವ್ಯಾಪಾರವನ್ನೇ ಚೀನಾದ ಲೆನೊವೊಗೆ ಮಾರಿ ಕೈತೊಳೆದುಕೊಂಡಿತು. ಬೇರೆ ಕಂಪನಿಗಳ ಒಡೆಯರು ಕಲಿತ ಪಾಠ ಇದೇ: ಒಂದು ಸಲ ನಕ್ಷೆ ತೆರೆದಿಟ್ಟರೆ ಮತ್ತೆ ಮುಚ್ಚಲಾಗುವುದಿಲ್ಲ.

ಆಪಲ್ ಆ ಪಾಠವನ್ನು ಉರು ಹೊಡೆದಿದೆ. ಒಮ್ಮೆ ಮಾತ್ರ ಕೈ ಸಡಿಲಿಸಿ, 1995ರಲ್ಲಿ ಪವರ್ ಕಂಪ್ಯೂಟಿಂಗ್ ಮೊದಲಾದ ಕಂಪನಿಗಳಿಗೆ ಮ್ಯಾಕಿನ ತದ್ರೂಪಿ ಮಾಡಲು ಪರವಾನಗಿ ಕೊಟ್ಟಿತ್ತು. ಹೊಸ ಗಿರಾಕಿಗಳು ಬರುತ್ತಾರೆಂದು ಆಸೆಪಟ್ಟರೆ, ತದ್ರೂಪಿಗಳು ಆಪಲ್‌ನ ಹಳೇ ಗಿರಾಕಿಗಳನ್ನೇ, ಅದೂ ದುಬಾರಿ ಯಂತ್ರ ಕೊಳ್ಳುವವರನ್ನೇ ಎಳೆದುಕೊಂಡವು. 1997ರಲ್ಲಿ ಸ್ಟೀವ್ ಜಾಬ್ಸ್ ಹಿಂದಿರುಗಿ ಬಂದವನೇ ಬಾಗಿಲು ಮುಚ್ಚಿಸಿದ. ಪರವಾನಗಿ ಇದ್ದದ್ದು ಏಳನೇ ಆವೃತ್ತಿಯ ತಂತ್ರಾಂಶಕ್ಕೆ. ಮುಂದೆ ಬಂದದ್ದಕ್ಕೆ ಎಂಟು ಅಂತ ನಂಬರು ಹಾಕಿದರು, ಅಲ್ಲಿಗೆ ಪರವಾನಗಿ ಸತ್ತಿತು. ಪವರ್ ಕಂಪ್ಯೂಟಿಂಗ್‌ನ ಪರವಾನಗಿಯನ್ನು 10 ಕೋಟಿ ಡಾಲರಿನ ಷೇರು ಕೊಟ್ಟು ಹಿಂದಕ್ಕೆ ಕೊಂಡರು. 2020ರಿಂದ ಆಪಲ್ ತನ್ನ ಮ್ಯಾಕ್‌ಗಳಿಗೆ ತನ್ನದೇ ವಿನ್ಯಾಸದ ಚಿಪ್ಪು ಹಾಕತೊಡಗಿತು.

ಹಾಗಂತ ಬೇಲಿ ಹಾರಿದವರೆಲ್ಲ ಬಂಡಾಯಗಾರರು ಅಂತ ಮಾಲೆ ಹಾಕುವುದು ಬೇಡ. ಕಾಂಪ್ಯಾಕ್ ತನ್ನ ಬಯಾಸನ್ನು ಯಾರಿಗೂ ಹಂಚಲಿಲ್ಲ. ಫೀನಿಕ್ಸ್ ಹಂಚಿದ್ದು ದುಡ್ಡಿಗೆ, ಬರಹದ ಗುಟ್ಟು ಬಿಟ್ಟುಕೊಟ್ಟಲ್ಲ. ಮತ್ತೆ ಪಿಸಿಯಲ್ಲಿ ಐಬಿಎಂ ಕಳೆದುಕೊಂಡ ಯಜಮಾನಿಕೆ ಜನರ ಕೈಗೇನೂ ಬರಲಿಲ್ಲ. ಅದು ಒಳಗಿನ ತಂತ್ರಾಂಶದ ಒಡೆಯನಾದ ಮೈಕ್ರೋಸಾಫ್ಟ್‌ಗೂ, ಚಿಪ್ಪಿನ ಒಡೆಯನಾದ ಇಂಟೆಲ್‌ಗೂ ಹಂಚಿಹೋಯಿತು. ಡಬ್ಬಿಯ ಬೀಗ ಒಡೆದರೆ ಬೀಗ ಚಿಪ್ಪಿನೊಳಗೆ ಹೋಗಿ ಕೂತಿತು ಅಷ್ಟೆ.

ಇಂಟೆಲ್‌ನ ಕಥೆ ಚಿಕ್ಕದಾಗಿ ಹೇಳುತ್ತೇನೆ. ಒಬ್ಬನೇ ಚಿಪ್ಪು ಕೊಡುವವನಾದರೆ ಕಷ್ಟ ಅಂತ ಐಬಿಎಂ ಹಟ ಹಿಡಿದದ್ದರಿಂದ, ತನ್ನ ಚಿಪ್ಪುಗಳನ್ನು ಎಎಂಡಿ ಕಂಪನಿಯೂ ಮಾಡಬಹುದು ಅಂತ 1982ರಲ್ಲಿ ಇಂಟೆಲ್ ಒಪ್ಪಂದ ಮಾಡಿಕೊಂಡಿತ್ತು. 1985ರಲ್ಲಿ 386 ಎಂಬ ಹೊಸ ಚಿಪ್ಪು ಬಂದಾಗ ಅದರ ನಕ್ಷೆ ಕೊಡಲಿಲ್ಲ. ಎಎಂಡಿ ವರ್ಷಗಟ್ಟಲೆ ಪಂಚಾಯಿತಿ, ಕೋರ್ಟು ಅಲೆದು, ಕೊನೆಗೆ ತಾನೇ ಬಿಚ್ಚಿ ನೋಡಿ ತನ್ನದೇ 386 ಅನ್ನು 1991ರಲ್ಲಿ ತಂದಿತು. 386 ಅನ್ನೋ ಸಂಖ್ಯೆ ನಮ್ಮ ಆಸ್ತಿ ಅಂತ ಇಂಟೆಲ್ ಹೇಳಿತು, ಕೋರ್ಟು ಕೇಳಲಿಲ್ಲ. 586 ಆಗಬೇಕಾಗಿದ್ದ ಚಿಪ್ಪು 1993ರಲ್ಲಿ ಪೆಂಟಿಯಂ ಅಂತ ಹೆಸರಿಟ್ಟುಕೊಂಡು ಬಂದದ್ದು ಇದಕ್ಕೇ. ಸಂಖ್ಯೆಗೆ ಬೇಲಿ ಹಾಕಲಾಗದಿದ್ದರೆ ಹೆಸರಿಗೆ ಹಾಕೋಣ ಅಂತ.

ಈ ದಾರಿ ಬಿಟ್ಟು ಬೇರೆ ದಾರಿ ಹುಡುಕಿದವರು ನಮ್ಮಲ್ಲೂ ಇದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕೆಲವು ಅಧ್ಯಾಪಕರು ಎನ್‌ಕೋರ್ ಕಂಪನಿಯವರ ಜೊತೆ ಸೇರಿ, ಅಕ್ಷರ ಬಾರದವರೂ ಬಳಸಬಹುದಾದ ಅಗ್ಗದ ಕೈಯಂತ್ರ ಮಾಡಬೇಕೆಂದು ಸಿಂಪ್ಯೂಟರ್ ಟ್ರಸ್ಟ್ ಕಟ್ಟಿದರು. ಯಂತ್ರದ ನಕ್ಷೆಯನ್ನು ಬಚ್ಚಿಡದೆ ಒಂದು ಸಾರ್ವಜನಿಕ ಪರವಾನಗಿಯಡಿ ಬಿಟ್ಟುಕೊಟ್ಟರು. ಯಾರು ಬೇಕಾದರೂ ತೆಗೆದುಕೊಂಡು ಬದಲಿಸಿ ಮಾಡಲಿ, ಮಾಡಿದ ಬದಲಾವಣೆಯನ್ನು ಸ್ವಲ್ಪ ಕಾಲದ ಮೇಲೆ ಎಲ್ಲರಿಗೂ ಹಿಂದಿರುಗಿಸಲಿ ಅನ್ನೋ ಷರತ್ತು. ಯಂತ್ರದ ಮಟ್ಟಿಗೆ ಇದು ಆ ಕಾಲಕ್ಕೆ ಲೋಕದಲ್ಲೇ ಅಪರೂಪ. 2004ರಲ್ಲಿ ಸರ್ಕಾರದ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ತಯಾರಾಗಿ ಮಾರಾಟಕ್ಕೆ ಬಂತು, ಅಂದುಕೊಂಡಷ್ಟು ಹೋಗಲಿಲ್ಲ. ಬೆಲೆ ಮೊದಲು ಹೇಳಿದ್ದಕ್ಕಿಂತ ಏರಿತ್ತು, ಅಷ್ಟರಲ್ಲಿ ಮೊಬೈಲು ಹಳ್ಳಿಯ ಜೇಬಿಗೆ ಬರತೊಡಗಿತ್ತು. ಅದರ ಸೋಲನ್ನು ಆಡಿಕೊಳ್ಳುವವರು ಬಹಳ. ಆದರೆ ನಕ್ಷೆ ತೆರೆದದ್ದರಿಂದ ಅದು ಸೋಲಲಿಲ್ಲ. ಯಾರೂ ಅದನ್ನು ನಕಲು ಮಾಡಿ ಹೊಟ್ಟೆಗೆ ಹೊಡೆಯಲಿಲ್ಲ. ಒಳಗಿದ್ದ ಚಿಪ್ಪು ಮಾತ್ರ ಇಂಟೆಲ್‌ನ ಸ್ಟ್ರಾಂಗ್‌ಆರ್ಮ್. ಹೊರಗಿನ ಹಲಗೆಯ ನಕ್ಷೆ ನಮ್ಮದು, ಅದರ ಮಿದುಳಿನ ನಕ್ಷೆ ಅವರದು.

ಚಿಪ್ಪಿನ ಆ ಬೀಗಕ್ಕೂ ಈಚೆಗೆ ಕೈ ಹಾಕಿದ್ದಾರೆ. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ 2010ರಲ್ಲಿ ಶುರುವಾದ ರಿಸ್ಕ್ ಫೈವ್ ಎಂಬುದು ಚಿಪ್ಪು ಯಾವ ಅಪ್ಪಣೆಗಳನ್ನು ಅರ್ಥಮಾಡಿಕೊಳ್ಳಬೇಕು ಅನ್ನೋ ಪಟ್ಟಿ. ಯಾರು ಬೇಕಾದರೂ ಕಪ್ಪ ಕೊಡದೆ ಬಳಸಬಹುದು. ಅದನ್ನು ಹಿಡಿದು ಮದ್ರಾಸಿನ ಐಐಟಿಯವರು ಶಕ್ತಿ ಎಂಬ ಚಿಪ್ಪುಗಳನ್ನು ರೂಪಿಸಿ, ನಕ್ಷೆಯನ್ನು ಎಲ್ಲರಿಗೂ ತೆರೆದಿಟ್ಟಿದ್ದಾರೆ. 2018ರಲ್ಲಿ ಅವರ ಮೊದಲ ಚಿಪ್ಪು ಅಚ್ಚಾದದ್ದು ಓರೆಗಾನ್ ರಾಜ್ಯದ ಇಂಟೆಲ್ ಕಾರ್ಖಾನೆಯಲ್ಲಿ, 22 ನ್ಯಾನೋಮೀಟರಿನ ಸಣ್ಣ ಗೆರೆಗಳಲ್ಲಿ. ಆಮೇಲಿನ ಇನ್ನೊಂದನ್ನು ಚಂಡೀಗಢದ ಪಕ್ಕದ ಸರ್ಕಾರಿ ಕಾರ್ಖಾನೆಯಲ್ಲಿ ಮಾಡಿದರು. ಅಲ್ಲಿನ ಗೆರೆ 180 ನ್ಯಾನೋಮೀಟರ್.